ಹೊಂಡದ ಮೀನು ಮರಿ ಸಾಯುತ್ತಿವೆ, ಬೆಳೆಯುತ್ತಿಲ್ಲ: ಲಕ್ಷಣ ನೋಡಿ ಕಾರಣ ಹಿಡಿಯುವುದು ಹೇಗೆ

ನಮ್ಮ ಹೊಲ ಸವಣೂರು ತಾಲೂಕಿನಲ್ಲಿದೆ. 18 ಮೀಟರ್ ಉದ್ದ, 18 ಮೀಟರ್ ಅಗಲದ ಕೃಷಿ ಹೊಂಡ, ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ. ಮೊದಲ ವರ್ಷ ಅದಕ್ಕೆ 300 ಮೀನು ಮರಿ ಬಿಟ್ಟೆ. ಬೇಗ ಬೆಳೆಯಲಿ ಅಂತ ಸೆಗಣಿಯನ್ನೂ ಬುಟ್ಟಿಗಟ್ಟಲೆ ಸುರಿದೆ. ಹತ್ತನೇ ದಿನ ಬೆಳಗ್ಗೆ ನೋಡಿದರೆ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಕ್ಕದ ಹೊಲದ ಕಾಕಾ ಬಂದು, "ರೋಗ ಬಂದೈತಿ ತಮ್ಮಾ, ಲಗೂನ ಔಷಧ ಹಾಕು" ಅಂದರು. ಅಂಗಡಿಯಲ್ಲಿ ಕೊಟ್ಟ ಪುಡಿ ತಂದು ಹಾಕಿದೆ. ಮರುದಿನ ಇನ್ನಷ್ಟು ಸತ್ತವು. ಅದು ರೋಗವೇ ಆಗಿರಲಿಲ್ಲ. ಮರಿಗಳಿಗೆ ಉಸಿರು ಕಟ್ಟಿತ್ತು.

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ದಂಡೆ ಮೇಲೆ ನಿಂತು ನೋಡುವುದು. ಆಮೇಲೆ ನೀರು ನೋಡುವುದು. ಆಮೇಲೆ ಒಂದು ಮೀನು ಕೈಯಲ್ಲಿ ಹಿಡಿದು ನೋಡುವುದು. ಔಷಧದ ಮಾತು ಕೊನೆಗೆ. ಹೊಂಡದಲ್ಲಿ ರೋಗ ಬಂದರೂ ಅದಕ್ಕೆ ದಾರಿ ಮಾಡಿಕೊಟ್ಟದ್ದು ಸಾಮಾನ್ಯವಾಗಿ ಕೆಟ್ಟ ನೀರೇ ಆಗಿರುತ್ತದೆ.

ಇಲ್ಲಿ ಬರೆದದ್ದು ನಮ್ಮ ಹಾವೇರಿ, ಗದಗ, ಧಾರವಾಡ ಕಡೆ ಹೊಂಡಕ್ಕೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮರಿಗಳ ಬಗ್ಗೆ.

ನೀರಿನ ಹತ್ತಿರ ಹೋಗುವ ಮುಂಚೆ

ಪ್ಲಾಸ್ಟಿಕ್ ಹಾಕಿದ ಹೊಂಡದ ಗೋಡೆಗೆ ಪಾಚಿ ಹಿಡಿದರೆ ಈಜು ಬಂದವರೂ ಮೇಲೆ ಹತ್ತಲಾರರು. ಕಾಲು ಇಟ್ಟಲ್ಲಿ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ. ನಾಲ್ಕೂ ಕಡೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿ. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಒಂದು ಯಾವಾಗಲೂ ನೀರಿನ ಮೇಲಿರಲಿ. ಸುತ್ತ ಬೇಲಿ ಬೇಕೇ ಬೇಕು, ಮಕ್ಕಳು ಬರುವ ಜಾಗ ಅದು. ನಸುಕಿನಲ್ಲಿ ಮೀನು ನೋಡಲು ಹೋಗುವಾಗ ಒಬ್ಬರೇ ಹೋಗಬೇಡಿ. ಮೋಟಾರು, ಪೈಪು ಮುಟ್ಟುವ ಮುಂಚೆ ಕರೆಂಟ್ ತೆಗೆಯಿರಿ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಬೇಡಿ. ಮರಿ ಸತ್ತರೆ ಮತ್ತೆ ತರಬಹುದು.

ಪರೀಕ್ಷೆಗೆ ಬೇಕಾದದ್ದು ಸ್ವಲ್ಪವೇ: ಒಂದು ಥರ್ಮಾಮೀಟರ್, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ನೋಡುವ ಕಾಗದದ ಪಟ್ಟಿ, ಒಂದು ಬಿಳಿ ತಟ್ಟೆ, ಒಂದು ನೋಟ್‌ಬುಕ್. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಮರಿ ಸತ್ತವು ಅಂತ ಬರೆದಿಡಿ. ಮುಂದೆ ನೋಡುತ್ತೀರಿ, ಮೀನು ಸತ್ತ ಗಂಟೆಯೇ ಅರ್ಧ ಉತ್ತರ ಹೇಳುತ್ತದೆ.

ಮರಿ ಬಿಟ್ಟ ಒಂದೆರಡು ದಿನದಲ್ಲೇ ಸತ್ತರೆ

ಮೊದಲ ಎರಡು ದಿನದ ಸಾವಿಗೆ ಹೆಚ್ಚಾಗಿ ಪ್ರಯಾಣವೇ ಕಾರಣ. ಆಕ್ಸಿಜನ್ ತುಂಬಿದ ಚೀಲದಲ್ಲಿ ಮರಿ ತಾಸುಗಟ್ಟಲೆ ಕುಲುಕಾಡಿಕೊಂಡು ಬಂದಿರುತ್ತದೆ. ಚೀಲದ ನೀರು ಒಂದು ಉಷ್ಣದಲ್ಲಿ, ಹೊಂಡದ ನೀರು ಇನ್ನೊಂದು ಉಷ್ಣದಲ್ಲಿ ಇರುತ್ತದೆ. ನೇರವಾಗಿ ಸುರಿದರೆ ತಡೆದುಕೊಳ್ಳಲಾರದು.

ಎರಡೂ ನೀರಿಗೆ ಥರ್ಮಾಮೀಟರ್ ಹಿಡಿಯಿರಿ. ಎರಡು ಮೂರು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅವಸರ ಬೇಡ. ಚೀಲವನ್ನು ಬಾಯಿ ಕಟ್ಟಿದ ಹಾಗೆಯೇ 15-20 ನಿಮಿಷ ಹೊಂಡದಲ್ಲಿ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಲೋಟದಿಂದ ಸ್ವಲ್ಪ ಸ್ವಲ್ಪ ಸೇರಿಸಿ. ಕೊನೆಗೆ ಚೀಲ ವಾಲಿಸಿ ಹಿಡಿದರೆ ಮರಿಗಳು ತಾವಾಗೇ ಈಜಿಕೊಂಡು ಹೊರಗೆ ಹೋಗುತ್ತವೆ. ಹೋಗದೆ ಚೀಲದ ತಳದಲ್ಲೇ ಮಲಗಿದ ಮರಿ ಬದುಕುವುದು ಕಷ್ಟ, ಅದನ್ನು ಲೆಕ್ಕದಿಂದ ಬಿಡಿ. ಬಿಸಿಲಿನಲ್ಲಿ ಬಿಡಬೇಡಿ, ಬೆಳಗ್ಗೆ ಇಲ್ಲವೇ ಸಂಜೆ ತಂಪಿನಲ್ಲಿ ಬಿಡಿ.

ತಪ್ಪು ಮರಿಯದೋ ನೀರಿನದೋ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಸೊಳ್ಳೆ ಪರದೆ ಬಟ್ಟೆಯಿಂದ ಚೌಕದ ಚೀಲ ಹೊಲಿದು, ನಾಲ್ಕು ಗೂಟಕ್ಕೆ ಕಟ್ಟಿ ಹೊಂಡದ ನೀರಿನಲ್ಲಿ ಇಳಿಬಿಡಿ. ಇದಕ್ಕೆ ಹಾಪಾ ಅನ್ನುತ್ತಾರೆ. ಎಲ್ಲ ಮರಿ ಬಿಡುವ ಮುಂಚೆ 20 ಮರಿಯನ್ನು ಅದರಲ್ಲಿ ಒಂದು ದಿನ ಇಡಿ. ಜೊತೆಗೆ ಒಂದು ಬಕೆಟ್ ತಿಳಿ ಬಾವಿ ನೀರಿನಲ್ಲೂ ನಾಲ್ಕೈದು ಮರಿ ಇಟ್ಟುಕೊಳ್ಳಿ. ಹಾಪಾದಲ್ಲಿ ಮಾತ್ರ ಸತ್ತರೆ ಹೊಂಡದ ನೀರಲ್ಲಿ ದೋಷ. ಎರಡೂ ಕಡೆ ಸತ್ತರೆ ಮರಿ ಬರುವಾಗಲೇ ಸೋತಿತ್ತು ಅಂತ ಅರ್ಥ.

ಬೋರ್‌ವೆಲ್ ನೀರು ತುಂಬಿಸಿದ ಹೊಂಡ ಆಗಿದ್ದರೆ ಇನ್ನೊಂದು ಮಾತು. ನೆಲದಾಳದಿಂದ ಬಂದ ನೀರಿನಲ್ಲಿ ಆಕ್ಸಿಜನ್ ತೀರ ಕಡಿಮೆ ಇರುತ್ತದೆ. ಪೈಪನ್ನು ನೀರೊಳಗೆ ಮುಳುಗಿಸದೆ ಎತ್ತರದಿಂದ ಕಲ್ಲು ಚಪ್ಪಡಿ ಮೇಲೆ ಬಡಿದು ಬೀಳುವ ಹಾಗೆ ಮಾಡಿ. ನೀರು ತುಂಬಿ ಕೆಲವು ದಿನ ಬಿಸಿಲು ಗಾಳಿ ತಿಂದ ಮೇಲೆ ಮರಿ ಬಿಡಿ.

ನಸುಕಿನಲ್ಲಿ ಬಾಯಿ ತೆರೆದು ಮೇಲೆ ಬಂದು ನಿಂತರೆ

ನಮ್ಮ ಕಡೆ ಅತಿ ಹೆಚ್ಚು ಮರಿ ಹೋಗುವುದು ಹೀಗೆ. ಬೆಳಗಿನ ಐದು, ಐದೂವರೆಗೆ ದಂಡೆ ಮೇಲೆ ನಿಲ್ಲಿ. ಮರಿಗಳೆಲ್ಲ ಮೇಲೆ ಬಂದು, ಬಾಯಿ ನೀರಿಗೆ ಸಮವಾಗಿ ಹಿಡಿದು, ಪುಟುಪುಟು ಅಂತ ಗುಟುಕು ಎಳೆಯುತ್ತಿರುತ್ತವೆ. ಕೈ ಚಪ್ಪಾಳೆ ತಟ್ಟಿ ನೋಡಿ. ಗಟ್ಟಿಮುಟ್ಟಾದ ಮೀನು ತಟ್ಟನೆ ಒಳಗೆ ಹೋಗುತ್ತದೆ. ಉಸಿರಿಗೆ ಒದ್ದಾಡುವ ಮೀನು ಹೋಗುವುದಿಲ್ಲ, ಹೋದರೂ ಕ್ಷಣದಲ್ಲಿ ಮತ್ತೆ ಮೇಲೆ ಬರುತ್ತದೆ. ಬಿಸಿಲೇರಿ ಎಂಟು ಗಂಟೆ ಆದ ಮೇಲೆ ಎಲ್ಲ ಸರಿಯಾದಂತೆ ಕಾಣುತ್ತದೆ. ಹತ್ತು ಗಂಟೆಗೆ ಹೊಲಕ್ಕೆ ಹೋಗುವವರಿಗೆ ಇದು ಕಾಣುವುದೇ ಇಲ್ಲ, ಸತ್ತ ಮೀನು ಮಾತ್ರ ಕಾಣುತ್ತದೆ.

ಕಾರಣ ಹೀಗೆ. ನೀರನ್ನು ಹಸಿರು ಮಾಡುವ ಸಣ್ಣ ಪಾಚಿ ಹಗಲಲ್ಲಿ ಬಿಸಿಲು ಕುಡಿದು ಆಕ್ಸಿಜನ್ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಕೊಳೆ ಮೂರೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಸೂರ್ಯ ಹುಟ್ಟುವ ಮುಂಚೆ ನೀರಲ್ಲಿ ಆಕ್ಸಿಜನ್ ಅತಿ ಕಡಿಮೆ. ಲೀಟರ್ ನೀರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಆರಾಮ, 3ಕ್ಕಿಂತ ಕೆಳಗೆ ಇಳಿದರೆ ಒದ್ದಾಟ. ಎರಡು ಮೂರು ದಿನ ಮೋಡ ಮುಸುಕಿದರೆ ಹಗಲಿನ ಗಳಿಕೆಯೂ ಇಲ್ಲ. ಶ್ರಾವಣದ ಜಿಟಿಜಿಟಿ ದಿನಗಳಲ್ಲಿ ಇದಕ್ಕೇ ಹುಷಾರಾಗಿರಬೇಕು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯೂ ಹಾಗೇ. ಹಗಲೆಲ್ಲ ಕಾದ ನೀರಿನ ಮೇಲೆ ತಣ್ಣನೆ ಮಳೆ ಬಿದ್ದರೆ ಮೇಲಿನ ನೀರು ಕೆಳಗೆ, ತಳದ ಕೆಟ್ಟ ನೀರು ಮೇಲೆ. ಸಂಜೆ ಗುಡುಗು ಮಳೆ ಆದ ದಿನ ಮರುದಿನ ನಸುಕಿನಲ್ಲಿ ಹೊಂಡದ ಹತ್ತಿರ ಇರಿ.

ಗುರುತು ಗಟ್ಟಿ ಮಾಡಿಕೊಳ್ಳಲು ಆಗತಾನೇ ಸತ್ತ ಮೀನನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ಉಸಿರು ಕಟ್ಟಿ ಸತ್ತ ಮೀನಿನ ಬಾಯಿ ಅಗಲವಾಗಿ ತೆರೆದೇ ಇರುತ್ತದೆ, ಕಿವಿರಿನ ಮುಚ್ಚಳ ಎದ್ದು ನಿಂತಿರುತ್ತದೆ. ಹೊಂಡದಲ್ಲಿ ದೊಡ್ಡವೂ ಸಣ್ಣವೂ ಇದ್ದರೆ ಮೊದಲು ಹೋಗುವುದು ದೊಡ್ಡವು. ಈ ಒಂದು ಮಾತು ನೆನಪಿಡಿ, ಮುಂದಿನ ಭಾಗದಲ್ಲಿ ಬೇಕಾಗುತ್ತದೆ.

ಆ ಹೊತ್ತಿಗೆ ಮಾಡಬೇಕಾದದ್ದು: ಪಂಪ್ ಹಾಕಿ ಹೊಂಡದ ನೀರನ್ನೇ ಎತ್ತಿ ಮೇಲಿಂದ ಮಳೆ ಹನಿಯ ಹಾಗೆ ಮತ್ತೆ ಹೊಂಡಕ್ಕೇ ಬೀಳಿಸಿ. ಸ್ಪ್ರಿಂಕ್ಲರ್ ಇದ್ದರೆ ಇನ್ನೂ ಒಳ್ಳೆಯದು. ಕರೆಂಟ್ ಇಲ್ಲದಿದ್ದರೆ ದಂಡೆಯಿಂದಲೇ ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಎತ್ತಿ ಎತ್ತರದಿಂದ ಸುರಿಯಿರಿ. ಬಿಸಿಲು ಬರುವ ತನಕ ಬಿಡಬೇಡಿ. ಅಂದು ಮೇವು ಬೇಡ. ಒಂದು ವಾರ ಸೆಗಣಿ ಬೇಡ. ಉಸಿರಿಗೆ ಒದ್ದಾಡುತ್ತಿರುವಾಗ ಸುಣ್ಣ, ಔಷಧ, ಬಣ್ಣದ ಪುಡಿ ಯಾವುದನ್ನೂ ಹಾಕಬೇಡಿ. ನಾನು ಮಾಡಿದ ತಪ್ಪು ಅದೇ.

ಎರಡನೇ ವರ್ಷದಿಂದ ಸೆಗಣಿಯನ್ನು ಅಳೆದು ಹಾಕುತ್ತಿದ್ದೇನೆ. ವರ್ಷಕ್ಕೆ ಹೆಕ್ಟೇರಿಗೆ 10 ಟನ್ ಅನ್ನುವುದು ಒಂದು ಲೆಕ್ಕ. ನಮ್ಮಂಥ ಹೊಂಡಕ್ಕೆ ಅದು ತಿಂಗಳಿಗೆ 25-30 ಕೆ.ಜಿ. ಅಷ್ಟೇ. ಅದನ್ನೂ ನೀರಲ್ಲಿ ಕದಡಿ, ಎರಡು ಕಂತಿನಲ್ಲಿ, ಬಿಸಿಲಿರುವ ದಿನ ಬೆಳಗ್ಗೆ.

ಹಗಲು ಹೊತ್ತಲ್ಲಿ ಒಮ್ಮೆಲೇ ಎಲ್ಲ ಸತ್ತರೆ

ಮಧ್ಯಾಹ್ನ, ಬಿಸಿಲು ಚೆನ್ನಾಗಿದೆ, ನಿನ್ನೆ ತನಕ ಮೀನು ಓಡಾಡುತ್ತಿದ್ದವು. ಇಂದು ತಲೆ ತಿರುಗಿದ ಹಾಗೆ ಸುತ್ತುತ್ತಿವೆ, ಮೇಲೆ ನೆಗೆಯುತ್ತಿವೆ, ಪಕ್ಕಕ್ಕೆ ವಾಲಿ ಬೀಳುತ್ತಿವೆ. ಇಲ್ಲಿ ಸಣ್ಣ ಮರಿಗಳೇ ಮೊದಲು ಸಾಯುತ್ತವೆ. ದಂಡೆ ಸುತ್ತ ಹೋಗಿ ನೋಡಿ. ಕಪ್ಪೆ, ಬಸವನಹುಳು, ನೀರಿನ ಹುಳುಗಳೂ ಸತ್ತಿವೆಯೇ? ಹಾಗಿದ್ದರೆ ನೀರಿಗೆ ಕೀಟನಾಶಕ ಸೇರಿದೆ ಅಂತಲೇ ತಿಳಿಯಿರಿ. ಆಕ್ಸಿಜನ್ ಕೊರತೆಯಲ್ಲಿ ನೀರಿನ ಹುಳುಗಳು ಹೀಗೆ ಸಾಮೂಹಿಕವಾಗಿ ಸಾಯುವುದಿಲ್ಲ.

ಹತ್ತಿ, ಮೆಣಸಿನಕಾಯಿ, ಗೋವಿನಜೋಳ ಬೆಳೆಯುವ ನಮ್ಮ ಹೊಲಗಳಲ್ಲಿ ಇದು ದೂರದ ಮಾತಲ್ಲ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲಕ್ಕೆ ಎಷ್ಟು ಸಲ ಸಿಂಪಡಿಸುತ್ತಾರೆ ಅಂತ ನಿಮಗೇ ಗೊತ್ತು. ಅದರಲ್ಲೂ ಪೈರಿಥ್ರಾಯ್ಡ್ ಜಾತಿಯ ಕೀಟನಾಶಕಗಳು, ಅಂದರೆ ಸೈಪರ್‌ಮೆಥ್ರಿನ್ ಥರದವು, ಮೀನಿಗೆ ತೀರ ಸ್ವಲ್ಪ ಬಿದ್ದರೂ ವಿಷ. ಮೇಲಿನ ಹೊಲದಿಂದ ಮಳೆ ನೀರು ಹರಿದು ಬಂತೇ, ಗಾಳಿಗೆ ಸಿಂಪಡಣೆ ತೂರಿ ಬಂತೇ, ಯಾರಾದರೂ ಸ್ಪ್ರೇ ಪಂಪನ್ನು ಹೊಂಡದಲ್ಲಿ ತೊಳೆದರೇ ಅಂತ ಕೇಳಿ. ಜಗಳ ತೆಗೆಯದೆ ಕೇಳಿ, ಅಂದರೆ ನಿಜ ಹೇಳುತ್ತಾರೆ. ನಮ್ಮ ಹೊಂಡದಲ್ಲಿ ಒಮ್ಮೆ ಪಂಪ್ ತೊಳೆದದ್ದು ನಮ್ಮ ಮನೆಯ ಕೆಲಸಕ್ಕೆ ಬಂದ ಹುಡುಗನೇ. ಅವನಿಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ನಿಮ್ಮ ಕೈಯಿಂದ ಆಗುವ ಚಿಕಿತ್ಸೆ ಕಡಿಮೆ. ಒಳಗೆ ಬರುವ ನೀರು ಕಟ್ಟಿ, ಒಳ್ಳೆಯ ನೀರಿದ್ದರೆ ಸೇರಿಸಿ. ಆ ಮೀನನ್ನು ತಿನ್ನಬೇಡಿ, ನಾಯಿ ಕೋಳಿಗೂ ಹಾಕಬೇಡಿ. ಕೈಗವಸು ಹಾಕಿಕೊಂಡು ಎತ್ತಿ, ಬಾವಿ-ಹಳ್ಳದಿಂದ ದೂರ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ದನಗಳಿಗೆ ಆ ನೀರು ಕುಡಿಸಬೇಡಿ. ಅಂದೇ ಮೀನುಗಾರಿಕೆ ಕಚೇರಿಗೆ ತಿಳಿಸಿ.

ಸತ್ತ ಮೀನು ಕಾಣುವುದಿಲ್ಲ, ಮರಿ ಮಾತ್ರ ಕಡಿಮೆ

ನೀರು ಚೆನ್ನಾಗಿದೆ, ಒಂದೂ ತೇಲಿಲ್ಲ. ಆದರೆ ಎರಡು ತಿಂಗಳಿಗೆ ಬಲೆ ಬೀಸಿದರೆ ಕೈಗೆ ಸಿಗುವುದು ನಾಲ್ಕೇ ನಾಲ್ಕು. ಯಾರೋ ತಿನ್ನುತ್ತಿದ್ದಾರೆ, ಅಥವಾ ಮರಿ ಹರಿದು ಹೋಗಿವೆ. ಮೊದಲು ಕೋಡಿ ನೋಡಿ. ಜೋರು ಮಳೆಯಲ್ಲಿ ಹೊಂಡ ತುಂಬಿ ಹರಿದರೆ ಮರಿ ಹರಿವಿನ ಜೊತೆ ಹೊರಗೆ ಹೋಗುತ್ತದೆ. ಒಳಗೆ ಬರುವ ಬಾಯಿಗೂ ಹೊರಗೆ ಹೋಗುವ ಬಾಯಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಕಸ ತೆಗೆಯುತ್ತಿರಿ. ಹಳ್ಳ, ಕಾಲುವೆ ನೀರು ಬಿಟ್ಟುಕೊಳ್ಳುವವರಿಗೆ ಜಾಲರಿ ಇನ್ನೂ ಮುಖ್ಯ. ಆ ನೀರಿನ ಜೊತೆ ಕೊರವ ಮೀನಿನ ಮರಿ ಬಂದು ಸೇರಿದರೆ ನಿಮ್ಮ ಮರಿಗಳೇ ಅದರ ಊಟ.

ಆಮೇಲೆ ಮರಿಯ ಅಳತೆ. 2-3 ಸೆಂಟಿಮೀಟರ್ ಮರಿ ಬಿಟ್ಟಿದ್ದರೆ ನೀರಿನ ಹುಳುಗಳೇ ಅದನ್ನು ಹಿಡಿದು ಹೀರುತ್ತವೆ. ರಾತ್ರಿ ಬ್ಯಾಟರಿ ಬೆಳಕಲ್ಲಿ ನೋಡಿ. ಅಂಗಾತ ಈಜುವ ಹುಳು, ಬಾಲದ ಕೊಳವೆ ನೀರಿನ ಮೇಲೆ ಚಾಚಿ ಕುಳಿತ ನೀರು ಚೇಳು, ಏರೋಪ್ಲೇನ್ ಚಿಟ್ಟೆಯ ಮರಿ ಕಾಣುತ್ತವೆ. ಇವುಗಳಲ್ಲಿ ಮೊದಲಿನ ಎರಡು ಗಾಳಿಗಾಗಿ ಮೇಲೆ ಬರಲೇಬೇಕು. ಅದಕ್ಕೇ ಮರಿ ಬಿಡುವ ಹಿಂದಿನ ದಿನ ಸಾಬೂನು-ಎಣ್ಣೆ ಹಾಕುವ ರೂಢಿ ಇದೆ. ಹೆಕ್ಟೇರಿಗೆ 56 ಕೆ.ಜಿ. ಅಗ್ಗದ ಅಡುಗೆ ಎಣ್ಣೆ, 18 ಕೆ.ಜಿ. ಬಟ್ಟೆ ಸಾಬೂನು. ನಮ್ಮ ಹೊಂಡಕ್ಕೆ ಸುಮಾರು 1.8 ಕೆ.ಜಿ. ಎಣ್ಣೆ, 600 ಗ್ರಾಂ ಸಾಬೂನು ಸಾಕು. ಸಾಬೂನು ಬಿಸಿ ನೀರಲ್ಲಿ ಕರಗಿಸಿ, ಎಣ್ಣೆ ಸೇರಿಸಿ ಚೆನ್ನಾಗಿ ಕದಡಿ, ಗಾಳಿ ಇಲ್ಲದ ಹೊತ್ತು ನೋಡಿ ಎರಚಬೇಕು. ಏರೋಪ್ಲೇನ್ ಚಿಟ್ಟೆಯ ಮರಿ ಇದಕ್ಕೆ ಬಗ್ಗುವುದಿಲ್ಲ, ಅದನ್ನು ಸೊಳ್ಳೆ ಪರದೆ ಎಳೆದು ತೆಗೆಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಸ್ವಲ್ಪ ದುಡ್ಡು ಜಾಸ್ತಿ ಆದರೂ 8-10 ಸೆಂಟಿಮೀಟರ್ ಬೆರಳುದ್ದದ ಮರಿಯನ್ನೇ ತನ್ನಿ. ಹುಳುವಿನ ಕಾಟ ಅಲ್ಲಿಗೇ ಮುಗಿಯುತ್ತದೆ.

ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗೆ ಹೊಂಡದ ಮೇಲೆ ಅಡ್ಡಡ್ಡ ದಾರ ಎಳೆದು ಮಿನುಗುವ ಪಟ್ಟಿ ಕಟ್ಟಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಮೇಲೆ ಅನುಮಾನ ಬೇಡ. ಅವು ಹುಲ್ಲು, ಬೆಳೆ ಮೇಯುವ ಹಕ್ಕಿಗಳು.

ಮರಿಗೆ ಅಡಗಲು ಜಾಗವೂ ಬೇಕು. ತಣ್ಣನೆಯ ದೇಶಗಳ ತೊರೆಗಳಲ್ಲಿ ಹುಟ್ಟುವ ಸಾಲ್ಮನ್ ಮರಿ ಮೊದಲ ದಿನಗಳನ್ನು ಜಲ್ಲಿಕಲ್ಲಿನ ಸಂದಿಯಲ್ಲೇ ಕಳೆಯುತ್ತದೆ, ದೊಡ್ಡದಾಗುತ್ತ ಕಲ್ಲು, ಬಿದ್ದ ಮರದ ಮರೆ ಹಿಡಿಯುತ್ತದೆ. ನಮ್ಮ ಪ್ಲಾಸ್ಟಿಕ್ ಹೊಂಡ ಬೋಳು ತಟ್ಟೆಯ ಹಾಗೆ, ಎಲ್ಲಿ ನಿಂತರೂ ಹಕ್ಕಿಯ ಕಣ್ಣಿಗೆ ಬೀಳುತ್ತದೆ. ಒಂದು ಮೂಲೆಯಲ್ಲಿ ತೆಂಗಿನ ಒಣ ಗರಿ ನಾಲ್ಕು ತೇಲಿಬಿಟ್ಟು ಹಗ್ಗದಿಂದ ಕಟ್ಟಿದ್ದೇನೆ. ಹಾಳೆಗೆ ಚುಚ್ಚುವ ಮುಳ್ಳು, ಕೊಂಬೆ ಮಾತ್ರ ಹಾಕಬೇಡಿ.

ಸಾಯುತ್ತಿಲ್ಲ, ಬೆಳೆಯುತ್ತಲೂ ಇಲ್ಲ

ತಿಂಗಳಿಗೊಮ್ಮೆ ಬೀಸು ಬಲೆ ಹಾಕಿ ಹತ್ತು ಮೀನು ತೂಗಿ. ತಲೆ ದಪ್ಪ, ಮೈ ಸಣ್ಣ, ಬೆನ್ನು ಚೂಪಾಗಿ ಕಂಡರೆ ಅದು ಹಸಿವು. ಬೇರೆ ಅರ್ಥ ಹುಡುಕಬೇಡಿ.

ಮೊದಲು ನೀರಿನಲ್ಲೇ ಹುಟ್ಟುವ ಆಹಾರ ಇದೆಯೇ ನೋಡಿ. ದಂಡೆಯಲ್ಲಿ ಗಟ್ಟಿಯಾಗಿ ಕುಳಿತು, ಬಿಸಿಲಿರುವಾಗ ಕೈಯನ್ನು ನೇರವಾಗಿ ನೀರಿಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಬೆರಳ ತುದಿ ಕಾಣದಂತಾದರೆ ಸರಿ. ಮಣಿಕಟ್ಟಿಗೇ ಬೆರಳು ಮರೆಯಾದರೆ ಹಸಿರು ಜಾಸ್ತಿ, ಸೆಗಣಿ ನಿಲ್ಲಿಸಿ. ಮೊಣಕೈ ದಾಟಿದರೂ ಬೆರಳು ಸ್ಪಷ್ಟ ಕಂಡರೆ ನೀರು ಬಡವಾಗಿದೆ, ಸ್ವಲ್ಪ ಸೆಗಣಿ ಬೇಕು. ಬಿಳಿ ತಟ್ಟೆ ಇಳಿಸಿ ಅಳೆದರೆ 25ರಿಂದ 40 ಸೆಂಟಿಮೀಟರ್‌ನಲ್ಲಿ ಮರೆಯಾಗಬೇಕು.

ಎರೆ ಹೊಲದ ನಡುವೆ ಹೊಂಡ ಇರುವವರಿಗೆ ಈ ಪರೀಕ್ಷೆ ಮೋಸ ಮಾಡುತ್ತದೆ. ನವಲಗುಂದ, ನರಗುಂದ, ರೋಣದ ಕಡೆ ಬೆರಳು ಮರೆಯಾಗುವುದು ಪಾಚಿಯಿಂದಲ್ಲ, ಮಣ್ಣಿನಿಂದ. ಗಾಜಿನ ಲೋಟದಲ್ಲಿ ನೀರು ತುಂಬಿ ರಾತ್ರಿ ಇಡಿ. ಬೆಳಗ್ಗೆ ತಿಳಿಯಾಗಿ ತಳದಲ್ಲಿ ಮಣ್ಣು ಕೂತಿದ್ದರೆ ಸುಮ್ನೆ ಕಾಯಿರಿ, ಹೊಂಡವೂ ತಿಳಿಯಾಗುತ್ತದೆ. ಬೆಳಗ್ಗೆಯೂ ಹಾಲು ಹಾಕದ ಚಹಾದಂತೆ ಕಂದು ಇದ್ದರೆ ಅದು ತೀರ ನುಣ್ಣನೆಯ ಜೇಡಿ. ಬೆಳಕು ಒಳಗೆ ಹೋಗುವುದಿಲ್ಲ, ಪಾಚಿ ಬೆಳೆಯುವುದಿಲ್ಲ, ಕಾಟ್ಲಾಕ್ಕೆ ತಿನ್ನಲು ಏನೂ ಇರುವುದಿಲ್ಲ. ಇದಕ್ಕೆ ಜಿಪ್ಸಂ ಹಾಕುತ್ತಾರೆ, ಎಷ್ಟು ಅನ್ನುವುದನ್ನು ನೀರು ಪರೀಕ್ಷೆ ಮಾಡಿಸಿಯೇ ಕೇಳಿಕೊಳ್ಳಿ. ಬದುವಿಗೆ ಹುಲ್ಲು ಹಾಕಿ ಮಣ್ಣು ಬರುವುದನ್ನೇ ತಡೆಯುವುದು ಅದಕ್ಕಿಂತ ಅಗ್ಗ.

ಮೇವಿನ ಲೆಕ್ಕ: ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು ಸಮ ಸಮ. ಹೊಂಡದಲ್ಲಿರುವ ಮೀನಿನ ಒಟ್ಟು ತೂಕದ ನೂರಕ್ಕೆ 3ರಿಂದ 5 ಪಾಲು ದಿನಕ್ಕೆ. 200 ಮೀನು, ತಲಾ 50 ಗ್ರಾಂ ಅಂದರೆ ಒಟ್ಟು 10 ಕೆ.ಜಿ. ದಿನಕ್ಕೆ 300ರಿಂದ 500 ಗ್ರಾಂ ಮೇವು. ತೂತು ಮಾಡಿದ ಚೀಲದಲ್ಲಿ ತುಂಬಿ ಹಗ್ಗಕ್ಕೆ ಇಳಿಬಿಟ್ಟರೆ ವ್ಯರ್ಥ ಆಗುವುದಿಲ್ಲ. ಸಂಜೆ ಚೀಲದಲ್ಲಿ ಉಳಿದಿದ್ದರೆ ಮರುದಿನ ಕಡಿಮೆ ಮಾಡಿ. ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ಮೀನಿಗೆ ಹಾಕಬೇಡಿ, ಅದರ ವಿಷ ಮೀನಿನ ಯಕೃತ್ತಿಗೆ ಹೊಡೆಯುತ್ತದೆ.

ಮೇವು ಸರಿ ಇದ್ದೂ ಬೆಳೆಯದಿದ್ದರೆ ತಲೆ ಎಣಿಸಿ. ಹೆಕ್ಟೇರಿಗೆ 5,000ದಿಂದ 10,000 ಬೆರಳುದ್ದದ ಮರಿ ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಹೊಂಡಕ್ಕೆ 160ರಿಂದ 320. ಹೊಂಡದ ಗೋಡೆ ಇಳಿಜಾರು, ಬೇಸಿಗೆಯಲ್ಲಿ ನೀರು ಇಳಿದಂತೆ ಅಗಲವೂ ಕಡಿಮೆ ಆಗುತ್ತದೆ. ಅದಕ್ಕೆ ನಾನು ಈಗ 200ಕ್ಕೆ ನಿಲ್ಲಿಸುತ್ತೇನೆ. ಬಿಡದೇ ಇರುವ ಸಣ್ಣ ಮೀನು ರಾಶಿ ರಾಶಿ ಕಂಡರೆ ಜಿಲೇಬಿ ಮೀನು (ತಿಲಾಪಿಯಾ) ಸೇರಿದೆ, ಅಥವಾ ಸಾಮಾನ್ಯ ಗೆಂಡೆ ಅಲ್ಲೇ ಮರಿ ಹಾಕಿದೆ. ಅವನ್ನು ಬಲೆ ಹಾಕಿ ತೆಗೆಯದೆ ಬೇರೆ ದಾರಿ ಇಲ್ಲ.

ಡಿಸೆಂಬರ್, ಜನವರಿಯಲ್ಲಿ ಮೇವು ತಿನ್ನದಿದ್ದರೆ ಗಾಬರಿ ಬೇಡ. ಈ ಜಾತಿಗಳಿಗೆ 25ರಿಂದ 32 ಡಿಗ್ರಿ ನೀರು ಹಿತ. ಚಳಿಗೆ ನೀರು 20ಕ್ಕಿಂತ ಕೆಳಗಿಳಿದರೆ ತಿನ್ನುವುದು ಕಡಿಮೆ ಮಾಡುತ್ತವೆ. ಮೇವು ಇಳಿಸಿ.

ಮೈ ಉಜ್ಜುತ್ತಿವೆ, ಗಾಯ ಕಾಣುತ್ತಿದೆ

ಈಗ ರೋಗದ ಮಾತು. ಮೀನು ಗೋಡೆಗೆ, ಹಗ್ಗಕ್ಕೆ ಮೈ ಉಜ್ಜಿ ಫಕ್ಕನೆ ನೆಗೆಯುತ್ತಿದ್ದರೆ ಒಂದನ್ನು ಹಿಡಿದು ಒದ್ದೆ ಬಟ್ಟೆ ಮೇಲೆ ಮಲಗಿಸಿ. ರೆಕ್ಕೆ ಬುಡದಲ್ಲಿ ಎಳ್ಳಿನಷ್ಟು ಚಪ್ಪಟೆ, ತಿಳಿ ಬಣ್ಣದ್ದು ಹರಿದಾಡಿದರೆ ಮೀನಿನ ಹೇನು. ಮೈಯಿಂದ ದಾರದ ತುಂಡು ಹೊರಗೆ ಚಾಚಿ ನಿಂತಿದ್ದರೆ ಲಂಗರು ಹುಳು. ಗಾಯದ ಮೇಲೆ ಹತ್ತಿಯಂಥ ಬಿಳಿ ಎಳೆ ಇದ್ದರೆ ಬೂಸ್ಟು, ಬಲೆ ಎಳೆದಾಗ ಆದ ಗಾಯಕ್ಕೆ ಹಿಡಿಯುತ್ತದೆ. ಹೊಟ್ಟೆ ಉಬ್ಬಿ ಹುರುಪೆ ನಿಮಿರಿ ನಿಂತರೆ ಜಲೋದರ. ಚಳಿಗಾಲದಲ್ಲಿ ಕೆಂಪು ಹುಣ್ಣು ಆಳಕ್ಕೆ ಇಳಿಯುವುದು ಬೇರೆಯೇ ರೋಗ, ಬೇಗ ಹರಡುತ್ತದೆ.

ಹೆಬ್ಬೆರಳಿನ ಉಗುರಿನಿಂದ ಕಿವಿರಿನ ಮುಚ್ಚಳ ಎತ್ತಿ ನೋಡುವುದನ್ನೂ ಕಲಿಯಿರಿ. ದಾಳಿಂಬೆ ಕಾಳಿನ ಕೆಂಪು ಇದ್ದರೆ ಆರೋಗ್ಯ. ಬಿಳಿಚಿದ್ದರೆ ರಕ್ತ ಹೀರುವ ಹುಳುವಿನ ಅನುಮಾನ. ಕಂದು ಬಣ್ಣಕ್ಕೆ ತಿರುಗಿದ್ದರೆ ನೀರಲ್ಲಿ ನೈಟ್ರೈಟ್ ಹೆಚ್ಚಿದೆ, ಮೇವು ಜಾಸ್ತಿ ಆಗಿ ಕೊಳೆತಿದೆ. ಮೇವು ನಿಲ್ಲಿಸಿ, ಒಂದಷ್ಟು ನೀರು ಬದಲಿಸಿ.

ಮನೆಯಲ್ಲೇ ಮಾಡಬಹುದಾದದ್ದು ಉಪ್ಪಿನ ಸ್ನಾನ ಒಂದೇ. ಲೀಟರ್ ನೀರಿಗೆ 20 ಗ್ರಾಂ ಕಲ್ಲುಪ್ಪು, ಒಂದೆರಡು ನಿಮಿಷ. ಮೀನು ವಾಲಿದ ಕೂಡಲೇ ತೆಗೆದು ಒಳ್ಳೆ ನೀರಿಗೆ ಬಿಡಿ. ಕೆಂಪು ಹುಣ್ಣಿಗೆ ಭುವನೇಶ್ವರದ ಸಿಹಿನೀರು ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿಫಾಕ್ಸ್ ಅನ್ನುವ ಔಷಧ ಬಳಸುತ್ತಾರೆ. ಆದರೆ ರೋಗ ಯಾವುದು ಅಂತ ಗಟ್ಟಿಯಾಗದೆ ತರಬೇಡಿ. ದನದ ಉಣ್ಣೆಗೆ ಹಾಕುವ ಔಷಧವನ್ನು ಹೊಂಡಕ್ಕೆ ಸುರಿಯುವುದಂತೂ ಬೇಡವೇ ಬೇಡ.

ನೀರಿನ ಹುಳಿ ಕಳೆಯಲು ಹೊಂಡಕ್ಕೆ ಸುಣ್ಣ ಹಾಕುವವರು ಮೂಗು-ಕಣ್ಣು ಮುಚ್ಚಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತು ಹಾಕಿ. ಸುಟ್ಟ ಸುಣ್ಣ ಬೆವರಿದ ಚರ್ಮವನ್ನೂ ಸುಡುತ್ತದೆ. ಪಿಎಚ್ 8.5 ದಾಟಿದ್ದರೆ ಸುಣ್ಣವೇ ಬೇಡ.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಎರಡು ದಿನ ಗಾಳಿ ಕೊಟ್ಟರೂ ಸಾವು ನಿಲ್ಲದಿದ್ದರೆ, ಹುಣ್ಣು ಒಂದರಿಂದ ಹತ್ತಕ್ಕೆ ಹೋದರೆ, ವಿಷದ ಅನುಮಾನ ಬಂದರೆ ನಿಮ್ಮ ಪ್ರಯೋಗ ನಿಲ್ಲಿಸಿ. ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ. ಹಾವೇರಿಯವರಿಗೆ ಹನುಮನಮಟ್ಟಿ, ಗದಗದವರಿಗೆ ಹುಲಕೋಟಿ, ಧಾರವಾಡದವರಿಗೆ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರ ಇದೆ.

ಬರಿಗೈಲಿ ಹೋಗಬೇಡಿ. ಕೊಳೆತ ಮೀನು ಒಯ್ದರೆ ಏನೂ ತಿಳಿಯುವುದಿಲ್ಲ. ಸಾಯುವ ಸ್ಥಿತಿಯ ಎರಡು ಮೂರು ಮೀನನ್ನು ಅದೇ ನೀರು ತುಂಬಿದ ಚೀಲದಲ್ಲಿ ಜೀವಂತ ಒಯ್ಯಿರಿ. ಆಗದಿದ್ದರೆ ಆಗತಾನೇ ಸತ್ತದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಡಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಬೇಡಿ. ಹೊಂಡದ ನೀರನ್ನು ಅದೇ ನೀರಿನಿಂದ ಮೂರು ಸಲ ತೊಳೆದ ಲೀಟರ್ ಬಾಟಲಿಗೆ, ನಸುಕಿನಲ್ಲಿ, ಅಂಚಿನವರೆಗೆ ತುಂಬಿ ಮುಚ್ಚಿ. ಬಾಟಲಿ ಮೇಲೆ ದಿನಾಂಕ, ಗಂಟೆ ಬರೆಯಿರಿ. ಜೊತೆಗೆ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ.